ಹೃದಯದೊಳಗೆ ತೂಗುವ ಗೆಡ್ಡೆ

ಬಸವಕಲ್ಯಾಣದ ಸಮೀಪದ ನಾರಾಯಣಪುರದಲ್ಲಿ ತೊಗರಿಯ ಹೊಲದಲ್ಲಿ ದುಡಿಯುವ ನಲವತ್ತೈದರ ಗೃಹಿಣಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಕೆಲವು ತಿಂಗಳುಗಳಿಂದ ಅವಳಿಗೆ ಏದುಸಿರು. ಆಗಾಗ ಸಣ್ಣ ಜ್ವರ, ಮೈಯೂ ಇಳಿಯುತ್ತಿದೆ. ಒಂದು ಮಗ್ಗುಲಿಗೆ ಹೊರಳಿದೊಡನೆ ಉಸಿರು ಕಟ್ಟಿದಂತಾಗುತ್ತದೆ. ಮಗ್ಗುಲು ಬದಲಿಸಿದರೆ ಹಗುರವೆನಿಸುತ್ತದೆ. ಮನೆಯವರು ಇದನ್ನು ದಮ್ಮೆನ್ನುತ್ತಾರೆ. ನೆರೆಹೊರೆಯವರು ಕ್ಷಯವೆಂದು ಅಂಜುತ್ತಾರೆ. ಸ್ಟೆತಾಸ್ಕೋಪು ಹಿಡಿದ ವೈದ್ಯರಿಗೆ, ಹೃದಯದ ಎಡಭಾಗದ ದ್ವಿದಳ ಕವಾಟವು ಕಿರಿದಾದಾಗ ಹೊರಡುವಂತಹ ಮರ್ಮರಧ್ವನಿ ಕೇಳಿಬರುತ್ತದೆ. ಕೀಲುವಾತದ ಜ್ವರದಿಂದ ಈ ಕವಾಟ ಕೆಟ್ಟವರು ಭಾರತದಲ್ಲಿ ಬಹುಮಂದಿ ಇರುವುದರಿಂದ, ವೈದ್ಯರ ಶಂಕೆಯೂ ಅತ್ತಲೇ ಸಾಗುವುದು ಸಹಜ.

ಆದರೆ ಇಂತಹ ಲಕ್ಷಣಗಳ ಹಿಂದೆ ಒಮ್ಮೊಮ್ಮೆ ಬೇರೊಂದು ಕಾರಣ ಅಡಗಿರುತ್ತದೆ. ಅದೇ ಮಿಕ್ಸೋಮಾ ಎಂಬ ಗೆಡ್ಡೆ. ಹೃದಯದಲ್ಲಿಯೇ ಹುಟ್ಟುವ ಗೆಡ್ಡೆಗಳು ಅತಿ ವಿರಳ. ಶವಪರೀಕ್ಷೆಗಳ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಸುಮಾರು ಎರಡು. ವಯಸ್ಕರಲ್ಲಿ ಕಾಣುವ ಅಂತಹ ಸಾಧು ಗೆಡ್ಡೆಗಳಲ್ಲಿ ಮಿಕ್ಸೋಮಾ ಪ್ರಮುಖವಾದುದು. ನಾಲ್ಕರಲ್ಲಿ ಮೂರು ಪಾಲು ಎಡ ಹೃತ್ಕರ್ಣದಲ್ಲಿ, ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡು ಬೆಳೆಯುತ್ತವೆ. ಲೋಳೆಯಂತಹ ಈ ಗೆಡ್ಡೆ ಪ್ರತಿ ಬಡಿತಕ್ಕೂ ತೂಗಾಡಿ ಕವಾಟದ ಬಾಯಿಗೆ ಅಡ್ಡ ಬರುತ್ತದೆ. ಮಗ್ಗುಲು ಬದಲಾದಾಗ ಉಸಿರಾಟ ಬದಲಾಗುವುದು ಇದರಿಂದಲೇ. ಇದು ಕ್ಯಾನ್ಸರ್ ಅಲ್ಲವಾದರೂ ನಿರಪಾಯಕಾರಿಯೂ ಅಲ್ಲ. ಇದರ ಚೂರೊಂದು ಕಳಚಿ ರಕ್ತದೊಡನೆ ಮಿದುಳಿಗೆ ಹರಿದರೆ ಪಾರ್ಶ್ವವಾಯು ಬಡಿಯುತ್ತದೆ. ಕವಾಟವು ಒಮ್ಮೆಲೇ ಮುಚ್ಚಿಹೋದರೆ ಹಠಾತ್ ಮರಣವೂ ಸಂಭವಿಸಬಹುದು.

ಹಿಂದೆ ಇಂತಹ ಗೆಡ್ಡೆಗಳು ಬಹುತೇಕ ಶವಪರೀಕ್ಷೆಯ ಮೇಜಿನ ಮೇಲೆಯೇ ಬಯಲಾಗುತ್ತಿದ್ದವು. 1936ರಲ್ಲಿ ಅಮೆರಿಕದ ಕ್ಲಾಡ್ ಬೆಕ್ ಅವರು ಹೃದಯದ ಹೊರಮೈಗೆ ಹತ್ತಿದ್ದ ಗೆಡ್ಡೆಯೊಂದನ್ನು ತೆಗೆದರು. ಒಳಗಿನ ಗೆಡ್ಡೆಗೆ ಕೈಹಾಕಲು ಹೃದಯವನ್ನೇ ನಿಲ್ಲಿಸಬೇಕು. ಅಷ್ಟು ಹೊತ್ತು ರಕ್ತವನ್ನು ಶುದ್ಧಗೊಳಿಸಿ ಹರಿಸುವ ಯಂತ್ರ ಬೇಕು. ಅಂತಹ ಯಂತ್ರದ ನೆರವಿನಿಂದ 1954ರಲ್ಲಿ ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್ ಅವರು ಎಡ ಹೃತ್ಕರ್ಣದ ಮಿಕ್ಸೋಮಾವನ್ನು ಯಶಸ್ವಿಯಾಗಿ ಹೊರತೆಗೆದರು. ಅದೇ ದೇಶದ ಎಡ್ಲರ್ ಮತ್ತು ಹರ್ಟ್ಸ್ ಅವರು 1953ರಲ್ಲಿ ಆರಂಭಿಸಿದ ಶ್ರವಣಾತೀತ ಧ್ವನಿಯ ಪರೀಕ್ಷೆಯು ಮುಂದೆ ರೋಗನಿದಾನದ ದಾರಿಯನ್ನೇ ಬದಲಿಸಿತು. ಜನರು ಇಂದು 'ಎಕೋ' ಎಂದು ಕರೆಯುವುದು ಇದನ್ನೇ. ಸೂಜಿಯಿಲ್ಲದೆ, ನೋವಿಲ್ಲದೆ, ತೂಗಾಡುವ ಗೆಡ್ಡೆಯನ್ನು ಅದು ಪರದೆಯ ಮೇಲೆ ತೋರಿಸಿಬಿಡುತ್ತದೆ.

ಗೆಡ್ಡೆ ಕಂಡ ಬಳಿಕ ತಡಮಾಡುವಂತಿಲ್ಲ. ಔಷಧಿಯಿಂದ ಅದು ಕರಗುವುದಿಲ್ಲ. ಶಸ್ತ್ರವೈದ್ಯರು ಅದನ್ನು ಚೂರಾಗದಂತೆ, ತೊಟ್ಟು ಹುಟ್ಟಿದ ಗೋಡೆಯ ಭಾಗದೊಡನೆ ಕತ್ತರಿಸಿ ತೆಗೆಯುತ್ತಾರೆ. ಉಳಿದ ರಂಧ್ರವನ್ನು ಬೇಕಾದಲ್ಲಿ ತೇಪೆಯಿಂದ ಮುಚ್ಚುತ್ತಾರೆ. ಬಹುಪಾಲು ರೋಗಿಗಳು ಪೂರ್ಣವಾಗಿ ಗುಣಹೊಂದುತ್ತಾರೆ. ಕೆಲವರಲ್ಲಿ ಮಾತ್ರ ಅದು ಮರುಕಳಿಸುವುದರಿಂದ ಕಾಲಕಾಲಕ್ಕೆ ಎಕೋ ಪರೀಕ್ಷೆ ಅಗತ್ಯ.

ನಾರಾಯಣಪುರದಂತಹ ಹಳ್ಳಿಗಳವರು ಇದಕ್ಕಾಗಿ ಮುಂಚಿನಂತೆ ಬೆಂಗಳೂರಿನ ದಾರಿಯನ್ನೇ ಹಿಡಿಯಬೇಕಾಗಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. ಹುಮನಾಬಾದಿನಿಂದ ಅಲ್ಲಿಗೆ 2017ರಿಂದ ರೈಲುಮಾರ್ಗವೂ ಇದೆ. ಬಡ ಕುಟುಂಬಗಳ ಹೃದಯ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವುಂಟು.

ಏದುಸಿರೆಲ್ಲ ಗೆಡ್ಡೆಯಲ್ಲ, ಹೆದರಬೇಕಾದುದಿಲ್ಲ. ಆದರೆ ದಮ್ಮಿನ ಮಾತ್ರೆಗೆ ಜಗ್ಗದ ಉಸಿರುಕಟ್ಟು, ಭಂಗಿಯೊಡನೆ ಬದಲಾಗುವ ಸಂಕಟ, ನಿಂತಲ್ಲೇ ಬರುವ ಬವಳಿ, ಕಾರಣ ತಿಳಿಯದ ಜ್ವರ ಇವು ಜೊತೆಗೂಡಿದಾಗ ಒಮ್ಮೆ ಹೃದಯದ ಎಕೋ ಮಾಡಿಸುವುದು ಜಾಣತನ. ರೋಗವು ಅಪೂರ್ವವಾದುದು, ಪರೀಕ್ಷೆಯಾದರೋ ಕೆಲವೇ ನಿಮಿಷಗಳ ಕೆಲಸ. ಅಷ್ಟರಿಂದ ಒಂದು ಮನೆಯ ದೀಪ ಉಳಿಯಬಹುದು.