ಅತಿಥಿಯೋ, ಪ್ರೇಕ್ಷಕನೋ?

ಸಂಸ್ಕೃತಿಯಾತ್ರೆಯೆಂಬ ಹೊಸ ಹೆಸರಿನ ವ್ಯಾಪಾರವೊಂದು ಈಚೆಗೆ ನಮ್ಮ ವಿದ್ಯಾವಂತರ ಮನೆಗಳನ್ನೂ ಹೊಕ್ಕಿರುವುದು. ತಾಂಜಾನಿಯಾ ದೇಶದಲ್ಲಿ ಸಿಂಹ, ಆನೆಗಳನ್ನು ನೋಡಿಯಾದ ಮೇಲೆ ಏಯಾಸಿ ಸರೋವರದ ಕಡೆಗೆ ಹೋಗಿ, ಬೆಳಗ್ಗೆ ಬೇಟೆಯಿಂದ ಬದುಕುವ ಹಾಡ್ಜಾ ಜನರನ್ನೂ, ಅನಂತರ ದನಗಾಹಿಗಳಾದ ದಾತೋಗರನ್ನೂ ನೋಡಿ, ಸಂಜೆಗೆ ವಸತಿಗೃಹವನ್ನು ಸೇರುವುದು ಇದರ ಕ್ರಮವು. ಮೃಗಗಳ ಪಟ್ಟಿಯ ಕೊನೆಗೆ ಮನುಷ್ಯರನ್ನೂ ಸೇರಿಸಿರುವುದನ್ನು ಕಂಡು ಯಾರಿಗೂ ನಾಚಿಕೆಯಾಗದಿರುವುದೇ ಆಶ್ಚರ್ಯವು.

ದೂರದೇಶವನ್ನು ನೋಡಬಾರದೆಂದು ನಾನು ಹೇಳುವವನಲ್ಲ. ಸಾವಿರಕ್ಕಿಂತ ಸ್ವಲ್ಪ ಹೆಚ್ಚಿರುವ ಹಾಡ್ಜಾ ಜನರಿಂದ ಕಲಿಯತಕ್ಕದ್ದು ಬಹಳವಿದೆ. ನಾಲಗೆಯನ್ನು ಲೊಚಗುಟ್ಟಿಸಿ ನುಡಿಯುವ ವರ್ಣಗಳುಳ್ಳ ಅವರ ಭಾಷೆಗೆ ಬೇರಾವ ಭಾಷೆಯೊಡನೆಯೂ ಸಂಬಂಧವು ಸಿದ್ಧವಾಗಿಲ್ಲ. ಜೇನಿನ ಜಾಡನ್ನು ತೋರುವ ಹಕ್ಕಿಯೊಂದನ್ನು ಸಿಳ್ಳಿನಿಂದ ಕರೆದು, ಅದರ ಬೆನ್ನು ಹಿಡಿದು, ನಮ್ಮ ಸವಣೂರಿನ ದೊಡ್ಡಹುಣಸೆಯ ಜಾತಿಯ ಹೆಮ್ಮರಗಳಿಂದ ಅವರು ಜೇನನ್ನು ಇಳಿಸುವರು. ಇಂಥ ವಿದ್ಯೆಯು ಅರ್ಧ ದಿನದಲ್ಲಿ ಕೈಗೂಡುವುದೆ? ಪಾಠಶಾಲೆಯಲ್ಲಿ ಒಂದು ಸೂತ್ರದ ಅರ್ಥವನ್ನು ತಿಳಿಯಲು ನಮಗೆ ವಾರಗಳೇ ಬೇಕಾಗುತ್ತಿದ್ದುವು.

“ನಮ್ಮ ದುಡ್ಡಿನಿಂದ ಅವರಿಗೆ ಉಪಕಾರವಲ್ಲವೆ?” ಎಂದು ಕೇಳುವರು. ಆ ದುಡ್ಡಿನ ಬಹುಪಾಲು ಮದ್ಯದ ಪಾಲಾಗುತ್ತಿರುವುದನ್ನು ಅವರೊಡನೆ ಬಹುಕಾಲವಿದ್ದ ವಿದ್ವಾಂಸರೇ ಬರೆದಿರುವರು. ಅವರಿಗೆ ಬೇಕಾದುದು ನೆಲ. ನೂರು ವರ್ಷಗಳಿಂದ ಬೇಸಾಯಗಾರರೂ ದನಗಾಹಿಗಳೂ ಅವರ ಕಾಡನ್ನೂ ನೀರನ್ನೂ ಆಕ್ರಮಿಸುತ್ತ ಬಂದರು. 2011ರಲ್ಲಿ ಯಾಯೆದಾ ಕಣಿವೆಯ ಸುಮಾರು 20,000 ಹೆಕ್ಟೇರ್ ನೆಲದ ಮೇಲೆ ಅವರಿಗೆ ಹಕ್ಕುಪತ್ರ ದೊರೆಯಿತು. ಪ್ರೇಕ್ಷಕರ ಚಪ್ಪಾಳೆಗಿಂತ ಈ ಕಾಗದವೊಂದೇ ಹೆಚ್ಚು ಬೆಲೆಯುಳ್ಳದ್ದು. ದಾತೋಗರನ್ನು ದೂಷಿಸುವುದೂ ಸಲ್ಲದು. 1970ರ ದಶಕದಿಂದ ಹನಾಂಗ್ ಸೀಮೆಯಲ್ಲಿ ಗೋಧಿಯ ಬೇಸಾಯಕ್ಕಾಗಿ ಅವರ ಹುಲ್ಲುಗಾವಲು ಸುಮಾರು 1,00,000 ಎಕರೆ ಹೋಯಿತು. ಮೇವು ಕಳೆದುಕೊಂಡ ದನ ಎಲ್ಲಿಗೆ ಹೋದೀತು? ಒಂದೇ ದಿನದಲ್ಲಿ ಇಬ್ಬರನ್ನೂ ನೋಡಿ ಬಂದ ಯಾತ್ರಿಕನಿಗೆ ಇಬ್ಬರ ನಡುವಣ ಈ ಕಥೆ ಮಾತ್ರ ತಿಳಿಯದು.

ಅತಿಥಿಯೆಂದರೆ ತಿಥಿಯನ್ನು ಗೊತ್ತುಮಾಡದೆ ಬಂದು, ಮನೆಯವರು ಇಕ್ಕಿದ್ದನ್ನು ಉಂಡು ತೃಪ್ತನಾಗುವವನು. ಗಳಿಗೆಯನ್ನು ಗೊತ್ತುಮಾಡಿ, ಬೆಲೆಯನ್ನು ತೆತ್ತು, ಬೇಟೆಯನ್ನೂ ಕುಣಿತವನ್ನೂ ಬೇಡುವವನು ಪ್ರೇಕ್ಷಕನಲ್ಲದೆ ಮತ್ತೇನು?

ಇನ್ನೊಂದು ಮಾತು. ಜೇನಿನಿಂದಲೇ ಹೆಸರು ಪಡೆದ ಜೇನುಕುರುಬರು ನಮ್ಮ ನಾಗರಹೊಳೆಯಲ್ಲಿಯೇ ಇರುವರು. ಮೃಗಗಳ ರಕ್ಷಣೆಯ ಹೆಸರಿನಲ್ಲಿ ಹಾಡಿಗಳನ್ನು ಬಿಟ್ಟು ಹೊರಬಿದ್ದ ಎಷ್ಟೋ ಮಂದಿ ಕಾಫಿ ತೋಟಗಳಲ್ಲಿ ಕೂಲಿಗೆ ನಿಂತರು. ಇವರ ಕಷ್ಟವನ್ನು ಒಂದು ದಿನವೂ ವಿಚಾರಿಸದವರು ಸಮುದ್ರ ದಾಟಿ ಹೋಗಿ ಜೇನು ಕೀಳುವುದನ್ನು ನೋಡಿ ಬೆರಗಾಗುವುದು ಯಾವ ಸಂಸ್ಕೃತಿ?

ಹೋಗುವವರು ಹೋಗಲಿ. ಆದರೆ ಕ್ಯಾಮೆರಾವನ್ನು ತೆಗೆಯುವ ಮುನ್ನ, “ಈ ನೆಲ ಈಗ ಯಾರದು?” ಎಂದು ಒಮ್ಮೆ ಕೇಳಲಿ. ಉತ್ತರವನ್ನು ಕೇಳುವಷ್ಟು ಕಾಲ ಅಲ್ಲಿ ಕುಳಿತಿರಲಿ.