ಕಣ್ಣಿಗೆ ಬೀಳದ ಉಪಚಾರ

ನಿಸರ್ಗದ ಸನ್ನಿಧಿಯಲ್ಲಿ ಮನುಷ್ಯನು ಒಂದು ಇಟ್ಟಿಗೆಯನ್ನೂ ಇಡಕೂಡದೆಂಬುದು ಕಳೆದ ಬೇಸಗೆಯವರೆಗೆ ನನ್ನ ದೃಢವಾದ ಮತವಾಗಿದ್ದಿತು. ತ್ಯಾಗರಾಜನಗರದ ನಮ್ಮ ಮನೆಯಿಂದ ಸಂಜೆ ಕಹಳೆ ಬಂಡೆಯವರೆಗೆ ನಡೆದು, ಆ ಪುರಾತನ ಶಿಲೆಯ ಮೇಲೆ ಕುಳಿತಾಗಲೆಲ್ಲ ಮಿತ್ರರ ಮುಂದೆ ಅದನ್ನು ಮಂಡಿಸುತ್ತಿದ್ದೆ. ತರಗತಿಯಲ್ಲಿಯೂ ಒಮ್ಮೆ ಮಂಡಿಸಿದ್ದುಂಟು. ವಿದ್ಯಾರ್ಥಿಗಳು ವಿರೋಧಿಸಲಿಲ್ಲ, ಗಂಟೆ ಹೊಡೆಯುವ ಹೊತ್ತಾಗಿದ್ದಿತು.

ಆ ಮತವನ್ನು ಖಂಡಿಸಿದವರು ನನ್ನ ತಾಯಿ. ಅದೂ ವಾದದಿಂದಲ್ಲ, ಬಾಯಾರಿಕೆಯಿಂದ.

ರಜೆಯಲ್ಲಿ ಸಂಸಾರಸಮೇತರಾಗಿ ಮಲೆನಾಡಿನ ಒಂದು ಗುಡ್ಡಕ್ಕೆ ಹೋಗಿದ್ದೆವು. ಊರಿನ ಹೆಸರು ಬೇಡ. ಅಲ್ಲಿ ಏನನ್ನೂ ಕಟ್ಟಿರಲಿಲ್ಲವೆಂದಲ್ಲ. ನೆತ್ತಿಯ ಮೇಲೆ ಗುಲಾಬಿ ಬಣ್ಣದ ಸಿಮೆಂಟು ಕಮಾನಿದ್ದಿತು, ಅದರ ಇಕ್ಕೆಲಗಳಲ್ಲಿ ಎರಡು ಸಿಮೆಂಟು ಜಿಂಕೆಗಳಿದ್ದವು. ಬೇಕಾದುದೊಂದೇ ಇರಲಿಲ್ಲ.

“ಅಮ್ಮಾ, ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿಲ್ಲವಲ್ಲ?” ಎಂದೆ.

“ಕುಡಿದರೆ ಆಮೇಲೆ ಎಲ್ಲಿಗೆ ಹೋಗಲಪ್ಪಾ?” ಎಂದರು.

ನನ್ನ ಪತ್ನಿ ಮಾತನಾಡಲಿಲ್ಲ. ಆಕೆಯ ಬಾಟಲಿಯೂ ತುಂಬಿಯೇ ಇದ್ದಿತು. ನಾನು ಮಾತ್ರ ಎರಡು ಬಾಟಲಿ ಬರಿದು ಮಾಡಿ ಸೂರ್ಯಾಸ್ತವನ್ನು ವರ್ಣಿಸುತ್ತಿದ್ದೆ. ಮರೆಯಿಲ್ಲದ ಬಯಲಿನ ಸೌಂದರ್ಯವನ್ನು ಸವಿಯುವ ಅಧಿಕಾರ ಗಂಡಸರಿಗೆ ಮಾತ್ರ ಸೇರಿದ್ದೆಂದು ನನಗೆ ಆಗ ಹೊಳೆಯಿತು.

ಮರುದಿನ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋದೆವು. ಕುವೆಂಪು ಅವರು ಬೆಳೆದ ತೊಟ್ಟಿಮನೆಯನ್ನು ನಾನು ಹಿಂದೆ ಸಾಹಿತ್ಯದ ಕಣ್ಣಿನಿಂದ ನೋಡಿದ್ದೆ. ಈ ಸಲ ಮೇಸ್ತ್ರಿಯ ಕಣ್ಣಿನಿಂದ ನೋಡಿದೆ. ಅಷ್ಟು ದೊಡ್ಡ ಮನೆ ಗುಡ್ಡದ ನೆತ್ತಿಯನ್ನೇರಿ ಮೆರೆದಿಲ್ಲ. ಬುಡದಲ್ಲಿ, ಕಾಡಿನ ಮಡಿಲಲ್ಲಿ, ಹೆಂಚಿನ ಮಾಡನ್ನು ತಗ್ಗಿಸಿಕೊಂಡು ಕುಳಿತಿದೆ. ಕವಿಯ ಬದುಕನ್ನು ತೋರಿಸಲು ಹೊಸ ಭವನವನ್ನು ತಂದು ನಿಲ್ಲಿಸದೆ, ಆ ಮನೆಯನ್ನೇ ಜೀರ್ಣೋದ್ಧಾರ ಮಾಡಿ ಸಂಗ್ರಹಾಲಯವನ್ನಾಗಿಸಿದ್ದಾರೆ.

ಮೇಲಿನ ಕವಿಶೈಲದಲ್ಲಿ 1994ರಲ್ಲಿ ಕವಿಯ ಅಂತ್ಯಸಂಸ್ಕಾರವಾಯಿತು. ಅಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರು ಯೋಜಿಸಿದ ಬೃಹತ್ ಶಿಲೆಗಳು ಕಂಬದ ಮೇಲೆ ತೊಲೆಯಿಟ್ಟಂತೆ ನಿಂತಿವೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಅವುಗಳಿಗೆ ಸ್ಫೂರ್ತಿ. ಅವು ಕಣ್ಣಿಗೆ ಬೀಳುವುದಿಲ್ಲವೆನ್ನಲಾರೆ. ಆದರೆ ಬಣ್ಣವಿಲ್ಲ, ಚಾವಣಿಯಿಲ್ಲ. ಕಲ್ಲಿನ ನಡುವಿನಿಂದ ಕಾಣುವುದು ಅದೇ ಆಕಾಶ, ಅದೇ ಕಾಡು. ಹತ್ತಿರದ ಬಂಡೆಯ ಮೇಲೆ 1936ರಲ್ಲಿ ಕೊರೆದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಹೆಸರುಗಳಿವೆ. ಆ ಗುರುಶಿಷ್ಯರಿಗೆ ಸಲ್ಲುವುದು ನಮಗೆ ಸಲ್ಲದೆಂದು ನನ್ನ ಮಗನಿಗೆ ತಿಳಿಹೇಳಿ, ಅವನ ಕೈಯ ಮೊಳೆಯನ್ನು ಕಸಿದುಕೊಂಡೆ.

ಆ ತೊಟ್ಟಿಮನೆಯೇ ನನಗೆ ಪಾಠ ಹೇಳಿತು. ಕಟ್ಟಕೂಡದೆಂಬುದು ತಪ್ಪು, ಎಲ್ಲಿ, ಎಷ್ಟು ಎಂಬುದೇ ಪ್ರಶ್ನೆ. ಪ್ರವಾಸಿಗಳ ಅನುಕೂಲಕ್ಕೆ ಬೇಕಾದುದನ್ನು ನೆತ್ತಿಯಲ್ಲಲ್ಲ, ನೋಟಕ್ಕೆ ಅಡ್ಡಬಾರದ ತಗ್ಗಿನಲ್ಲಿ, ಮರಗಳ ಹಿಂದೆ ಕಟ್ಟಬೇಕು. ಕಾರು ಬಸ್ಸುಗಳು ಅಲ್ಲಿಯೇ ನಿಲ್ಲಲಿ. ಮುಂದೆ ದನಕರುಗಳು ಸವೆಸಿದ ಹಳೆಯ ಕಾಲುದಾರಿ ಸಾಕು. ಗೋಡೆಗೆ ಊರಿನದೇ ಜಂಬಿಟ್ಟಿಗೆ, ಮೇಲೆ ಮಲೆನಾಡಿನ ಮಳೆ ಜಾರುವಂತಹ ಇಳಿಜಾರಿನ ಹೆಂಚು. ಶೌಚಗುಂಡಿ ಬಾವಿಗೂ ತೊರೆಗೂ ದೂರವಾಗಿ, ಅವುಗಳ ಕೆಳಪಾತಳಿಯಲ್ಲಿರಬೇಕು. ಇಲ್ಲದಿದ್ದರೆ ನಮ್ಮ ಅನುಕೂಲ ಊರವರ ಕಾಯಿಲೆಯಾದೀತು. ಏರುದಾರಿಯಲ್ಲಿ ಅಲ್ಲಲ್ಲಿ ಕುಳಿತುಕೊಳ್ಳಲು ಒಂದು ಚಪ್ಪಡಿ. ಫಲಕಗಳು ಮೊಣಕಾಲೆತ್ತರದವು, ಮಾತು ಕಡಮೆಯವು. ಎಲ್ಲಕ್ಕಿಂತ ಮಿಗಿಲಾಗಿ, ಬೀಗ ಹಾಕದೆ, ದಿನವೂ ಗುಡಿಸಿ ತೊಳೆಯುವ ಊರಿನ ಒಬ್ಬರಿಗೆ ಸರಿಯಾದ ಸಂಬಳ. ಕಮಾನಿಗೆ ಹಣ ಒಂದು ಸಲ ಸಾಕು. ನೀರಿಗೆ, ಪೊರಕೆಗೆ ಪ್ರತಿ ತಿಂಗಳೂ ಬೇಕು. ಕಮಾನೇ ಹೆಚ್ಚಾಗಿ ಏಳುವುದು ಬಹುಶಃ ಅದಕ್ಕೇ.

ಒಳ್ಳೆಯ ಮನೆಯಾಕೆ ಅತಿಥಿಗೆ ಬೆಲ್ಲ ನೀರನ್ನಿಟ್ಟು ಒಳಗೆ ಸರಿಯುತ್ತಾಳೆ. ಎದುರಿಗೆ ನಿಂತು ತನ್ನ ಔದಾರ್ಯವನ್ನು ಹಾಡುವುದಿಲ್ಲ. ಗುಡ್ಡದ ಉಪಚಾರವೂ ಅಂಥದೇ ಆಗಬೇಕು. ಹೊಸ ತಾಣವೊಂದರ ನಕ್ಷೆ ಮುಂದಿಟ್ಟಾಗ ಅದು ಚೆನ್ನಾಗಿದೆಯೇ ಎಂದು ನನ್ನಂಥ ಪಂಡಿತರನ್ನು ಕೇಳುವುದು ಬೇಡ. ನನ್ನ ತಾಯಿ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಶ್ಚಿಂತೆಯಿಂದ ನೀರು ಕುಡಿಯಬಲ್ಲರೇ ಎಂದು ಕೇಳಿದರೆ ಸಾಕು.