ಅಕ್ಕನ ಪಾಲಿಗೆ ತಮ್ಮ ಏಕೆ ಅಂಜಬೇಕು?

ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಸಿವಿಲ್ ವಕೀಲ. ನನ್ನ ಕಚೇರಿಯ ಕಡತಗಳಲ್ಲಿ ಹೆಚ್ಚಿನವು ಪಾಲು ವಿಭಾಗದ ದಾವೆಗಳು. ಅಕ್ಕನೋ ತಂಗಿಯೋ ಹಾಕಿದ ದಾವೆಯ ನೋಟಿಸು ಹಿಡಿದು ಬರುವ ಗಂಡಸರ ಬಾಯಲ್ಲಿ ಮೊದಲು ಬರುವ ಮಾತು ಹೆಚ್ಚುಕಡಿಮೆ ಒಂದೇ: “ಮನೆ ಮುರಿಯಕ್ಕೇ ಈ ಕಾನೂನು ಮಾಡವ್ರೆ ಸಾರ್. ಅವ್ವ ಇರೋಗಂಟ ಸುಮ್ನಿದ್ಲು, ಈಗ ಯಾರೋ ತಲೆ ಕೆಡಿಸವ್ರೆ.” ಆ ‘ಯಾರೋ’ ಯಾರು ಎಂದು ಕೇಳಿದರೆ ಸ್ತ್ರೀಶಕ್ತಿ ಸಂಘದ ಹೆಂಗಸರು, ಟಿ.ವಿ.ಯಲ್ಲಿ ಮಾತನಾಡುವ ಸ್ತ್ರೀವಾದಿಗಳು, ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗಳು, ಹೀಗೆ ಪಟ್ಟಿ ಬೆಳೆಯುತ್ತದೆ.

ಇವರು ಕೆಟ್ಟವರಲ್ಲ. ಅಕ್ಕನ ಮದುವೆಗೆ ಸಾಲ ಮಾಡಿದವರು, ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ಕೊಟ್ಟು ಬರುವವರು. ಅದೇ ಅಕ್ಕ ಪಹಣಿಯಲ್ಲಿ ತನ್ನ ಹೆಸರೂ ಇರಲಿ ಎಂದ ದಿನ ಇವರಿಗೆ ಕೈಕಾಲು ನಡುಗುತ್ತದೆ. ಹೆಣ್ಣುಮಕ್ಕಳ ಹಕ್ಕಿನ ಮಾತೆತ್ತಿದರೆ ಕೆಲವು ಗಂಡಸರು ಏಕೆ ಬೆಚ್ಚುತ್ತಾರೆ ಎನ್ನುವುದನ್ನು ನಾನು ಕಂಡದ್ದು ಈ ನಡುಕದಲ್ಲಿ. ಅದನ್ನು ಹೀಯಾಳಿಸುವುದು ನನಗೆ ಇಷ್ಟವಿಲ್ಲ. ಅವರ ಭಯ ನಿಜವಾದದ್ದೇ. ಆದರೆ ಆ ಭಯ ಹುಟ್ಟಿಸಿದವಳು ಅಕ್ಕನಲ್ಲ ಎಂಬುದನ್ನು ಅವರಿಗೆ ಯಾರಾದರೂ ಬಿಡಿಸಿ ಹೇಳಬೇಕು.

ಮೊದಲನೆಯದಾಗಿ, ಈ ಹಕ್ಕು ನಿನ್ನೆ ಮೊನ್ನೆ ಯಾರೋ ತಲೆಗೆ ತುಂಬಿದ್ದಲ್ಲ. ಮೈಸೂರು ಸಂಸ್ಥಾನವೇ 1933ರಲ್ಲಿ ಕಾಯ್ದೆ ಮಾಡಿ, ಕುಟುಂಬದ ಆಸ್ತಿ ಭಾಗವಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತ್ತು. ಹಿಂದೂ ಸಂಹಿತೆ ಮಸೂದೆ ನೆನೆಗುದಿಗೆ ಬಿದ್ದದ್ದಕ್ಕೆ ನೊಂದು ಅಂಬೇಡ್ಕರ್ 1951ರಲ್ಲಿ ಕಾನೂನು ಮಂತ್ರಿ ಸ್ಥಾನವನ್ನೇ ಬಿಟ್ಟರು. 1956ರ ಉತ್ತರಾಧಿಕಾರ ಕಾಯ್ದೆ ಬಂದಾಗಲೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಗಂಡುಮಕ್ಕಳದ್ದಾಗಿಯೇ ಉಳಿಯಿತು. ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಮಗಳಿಗೂ ಆ ಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಆಮೇಲೂ ಗೊಂದಲ ತೀರಲಿಲ್ಲ. ನಮ್ಮ ರಾಜ್ಯದ ಕುಟುಂಬಗಳಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ವ್ಯಾಜ್ಯಗಳಲ್ಲಿ, 2015ರ ಫೂಲಾವತಿ ಪ್ರಕರಣ ಒಂದು ದಿಕ್ಕು ಹಿಡಿದರೆ 2018ರ ದಾನಮ್ಮ ಪ್ರಕರಣ ಇನ್ನೊಂದು ದಿಕ್ಕು ಹಿಡಿಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ತಿದ್ದುಪಡಿ ಬಂದಾಗ ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಹೇಳಿ ಚರ್ಚೆ ಮುಗಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಗಳನ್ನು ಈ ಕಾನೂನು ಕೆದಕುವುದೂ ಇಲ್ಲ.

ಕಾನೂನು ಇಷ್ಟು ದೂರ ನಡೆದುಬಂದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯುವುದೇ ಬೇರೆ. ಅಲ್ಲಿ ಹಕ್ಕು ಖುಲಾಸೆ ಪತ್ರಗಳು ಇಂದಿಗೂ ಸಲೀಸಾಗಿ ನೋಂದಣಿಯಾಗುತ್ತವೆ. ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತಂದು, ಊಟ ಹಾಕಿಸಿ, ಸೀರೆ ಕೊಟ್ಟು ಹೆಬ್ಬೆಟ್ಟು ಒತ್ತಿಸುತ್ತಾರೆ. ‘ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ’ ಎಂದು ಪತ್ರದಲ್ಲಿ ಬರೆದಿರುತ್ತದೆ. ಹಾಗೆ ಸಹಿ ಹಾಕಿದ ಹೆಣ್ಣುಮಗಳೊಬ್ಬರು ನನಗೆ ಹೇಳಿದ ಮಾತು: “ಜಮೀನು ಹೋದ್ರೆ ಹೋಗ್ಲಿ ಬುಡಿ ಸಾರ್, ತವರು ಮನೆ ಬಾಗ್ಲು ಮುಚ್ಚದಿದ್ರೆ ಸಾಕು.” ಸಹಿಗೂ ಕರೆಯದೆ, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಪೌತಿ ಖಾತೆ ಮಾಡಿಸಿಕೊಂಡವರನ್ನೂ ಕಂಡಿದ್ದೇನೆ. ಇದು ಒಂದು ಧರ್ಮದವರ ಕಥೆಯೂ ಅಲ್ಲ. ಷರೀಯತ್ತಿನಲ್ಲಿ ಮಗನ ಪಾಲಿನ ಅರ್ಧದಷ್ಟು ಮಗಳಿಗೆ ನಿಗದಿಯಾಗಿದ್ದರೂ, ಅದನ್ನು ಅಣ್ಣತಮ್ಮಂದಿರಿಗೇ ಬಿಟ್ಟುಕೊಡುವ ಅಕ್ಕತಂಗಿಯರು ನನ್ನ ಕಕ್ಷಿದಾರರಲ್ಲಿದ್ದಾರೆ.

ಹಾಗಾದರೆ ಅಣ್ಣತಮ್ಮಂದಿರು ಅಂಜುವುದು ಏತಕ್ಕೆ? ನನಗೆ ಮೂರು ಕಾರಣ ಕಾಣುತ್ತದೆ.

ಒಂದು, ನೆಲ ಕರಗುತ್ತಿದೆ. ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1970-71ರಲ್ಲಿ 3.2 ಹೆಕ್ಟೇರ್ ಇತ್ತು, ಅಂದರೆ ಹತ್ತಿರ ಹತ್ತಿರ 8 ಎಕರೆ. 2015-16ರ ಹೊತ್ತಿಗೆ ಅದು 1.36 ಹೆಕ್ಟೇರಿಗೆ, ಮೂರೂವರೆ ಎಕರೆಗಿಂತಲೂ ಕೆಳಗೆ ಇಳಿದಿತ್ತು. ಕಬ್ಬಿಗೆ ಕಟ್ಟಿದ ಸಾಲ, ನಾಲೆಗೆ ನೀರು ಬಿಡುವ ದಿನ, ಕಾರ್ಖಾನೆಯ ಬಾಕಿ ಎಲ್ಲವೂ ಆ ಚೂರು ನೆಲದ ಮೇಲೇ ನಿಂತಿರುವಾಗ ಇನ್ನೊಂದು ಪಾಲು ಎಂದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಈ ಜಮೀನನ್ನು ಚೂರು ಮಾಡಿದವರು ಯಾರು? ಅದೇ ಗಣತಿಯಲ್ಲಿ ದೇಶದ ಹಿಡುವಳಿಗಳ ಪೈಕಿ ಹೆಂಗಸರು ನಡೆಸುತ್ತಿದ್ದದ್ದು ಶೇ 14ರಷ್ಟು ಮಾತ್ರ. ತಲೆಮಾರುಗಳಿಂದ ನೆಲ ಹಂಚಿಹೋದದ್ದು ಬಹುಪಾಲು ಅಣ್ಣತಮ್ಮಂದಿರ ನಡುವೆಯೇ. ಹಾಗೆ ಹಂಚಿಕೊಂಡಾಗ ಅದಕ್ಕೆ ಯಾರೂ ಮನೆ ಮುರಿಯುವುದು ಎನ್ನಲಿಲ್ಲ. ಹಿರಿಯರು ಕೂತು ಪಾಲುಪಾರೀಕತ್ತು ಬರೆಸಿದರು, ಅಷ್ಟೆ.

ಎರಡು, ಗಂಡಸಿನ ಬೆಲೆಯನ್ನೇ ನಾವು ಜಮೀನಿಗೆ ಗಂಟು ಹಾಕಿದ್ದೇವೆ. ಎಷ್ಟು ಎಕರೆ, ಎಷ್ಟು ಸಂಬಳ ಎಂದು ಕೇಳಿಯೇ ಹೆಣ್ಣು ಕೊಡುತ್ತೇವೆ. 2023ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಮದುವೆಯಾಗದ ರೈತ ಯುವಕರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೆಣ್ಣು ಸಿಗಲಿ ಎಂದು ಮಾದಪ್ಪನಿಗೆ ಹರಕೆ. ರಾಜ್ಯವೆಲ್ಲ ನಕ್ಕಿತು, ನನಗೆ ನಗು ಬರಲಿಲ್ಲ. ಅವರಲ್ಲಿ ಕೆಲವರ ಅಪ್ಪಂದಿರು ನನಗೆ ಪರಿಚಿತರು. ಈಗಿನ ಹುಡುಗಿಯರು ಓದಿ ಸೊಕ್ಕಿದ್ದಾರೆ, ಅದಕ್ಕೇ ಒಪ್ಪುವುದಿಲ್ಲ ಎಂದು ಆಗ ಬಹಳ ಜನ ಅಂದರು. ಅದೇ ವರ್ಷದ ಕೊನೆಯಲ್ಲಿ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿಬಿತ್ತು. ಬೆಲ್ಲ ಬೇಯಿಸುವ ಜಾಗದಲ್ಲಿ ನಡೆಯುತ್ತಿದ್ದದ್ದು ಆ ಕೆಲಸ. ಹೆಣ್ಣು ಹುಟ್ಟದಂತೆ ನೋಡಿಕೊಂಡ ಸೀಮೆ ನಮ್ಮದು. ಆ ಹುಡುಗರನ್ನು ಒಂಟಿಯಾಗಿಸಿದ್ದು ಮಗ ಬೇಕೆಂಬ ನಮ್ಮ ಹಟ. ಹುಟ್ಟಿ ಬದುಕಿ ಓದಿದ ಹುಡುಗಿಯರನ್ನು ಅದಕ್ಕೆ ದೂರುವುದು ಅನ್ಯಾಯ.

ಮೂರನೆಯದು ಎಲ್ಲಕ್ಕಿಂತ ಆಳದ್ದು. ‘ಇದೆಲ್ಲ ನಿನ್ನದೇ ಕಣ್ಲಾ’ ಎಂದು ತೊಟ್ಟಿಲಿನಿಂದ ಕೇಳಿ ಬೆಳೆದವನಿಗೆ ತಾನು ಪಡೆದದ್ದು ಲೆಕ್ಕಕ್ಕೇ ಬಂದಿರುವುದಿಲ್ಲ. ನಾಟಿ ಹಾಕಿದ್ದು, ಕಳೆ ಕಿತ್ತದ್ದು, ಬೆಳಗಿನ ಜಾವ ಹಸು ಕರೆದು ಡೈರಿಗೆ ಹಾಲು ಹಾಕಿದ್ದು ಅವ್ವ, ಅಕ್ಕ, ಆಮೇಲೆ ಹೆಂಡತಿ. ಪಹಣಿಯಲ್ಲಿ ಮಾತ್ರ ಅವನ ಹೆಸರು. ಅಕ್ಕ ಪಾಲು ಕೇಳಿದಾಗ ಅವನಿಗೆ ಏನೋ ಕಿತ್ತುಕೊಂಡಂತೆ ಅನ್ನಿಸುವುದು ಇದರಿಂದ. ಅಲ್ಲಿಯವರೆಗೆ ಅವಳ ಭಾಗವೂ ತನ್ನ ಕೈಯಲ್ಲಿತ್ತು ಎಂಬುದು ಆ ಹೊತ್ತಿಗೆ ಮೊದಲ ಸಲ ಅವನ ಕಣ್ಣಿಗೆ ಬೀಳುತ್ತದೆ. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಅಕ್ಕನ ತಲೆ ಕೆಟ್ಟಿದೆ ಎನ್ನುವುದು ಸುಲಭ.

ಅಣ್ಣತಮ್ಮಂದಿರ ವಾದಕ್ಕೂ ಉತ್ತರ ಕೊಡಬೇಕು. ಮದುವೆಗೆ ಖರ್ಚು ಮಾಡಿದೆವಲ್ಲ ಎನ್ನುತ್ತಾರೆ. ಕೊಟ್ಟದ್ದು ವರದಕ್ಷಿಣೆಯಾಗಿದ್ದರೆ 1961ರಿಂದಲೇ ಅದು ಅಪರಾಧ. ಅದು ಸೇರಿದ್ದೂ ಗಂಡನ ಮನೆಗೆ, ಅವಳ ಹೆಸರಿಗಲ್ಲ. ಅಪ್ಪ ಅವ್ವನನ್ನು ನೋಡಿಕೊಂಡವರು ನಾವು ಎನ್ನುತ್ತಾರೆ. ಹಾಸಿಗೆ ಹಿಡಿದ ಅತ್ತೆಗೆ ಸ್ನಾನ ಮಾಡಿಸಿ ಗಂಜಿ ಕುಡಿಸಿದ್ದು ಸೊಸೆ. ಆ ಸೇವೆಯ ಹೆಸರಿನಲ್ಲಿ ಜಮೀನು ಕೇಳುತ್ತಿರುವವನು ಮಗ. ಸಾಲ ತೀರಿಸಿದ್ದು ನಾವು ಎಂಬ ಮೂರನೆಯ ಮಾತಿನಲ್ಲಿ ಮಾತ್ರ ನ್ಯಾಯವಿದೆ. ಅದಕ್ಕೂ ಕಾನೂನಿನಲ್ಲಿ ದಾರಿಯಿದೆ. 2005ರ ತಿದ್ದುಪಡಿ ಹಕ್ಕನ್ನಷ್ಟೇ ಕೊಡಲಿಲ್ಲ, ಆ ಆಸ್ತಿಯ ವಿಚಾರದಲ್ಲಿ ಮಗನಿಗಿರುವ ಹೊಣೆಯೇ ಮಗಳಿಗೂ ಉಂಟು ಎಂದಿತು. ಸಾಲದ ಪತ್ರಗಳನ್ನೂ ತಂದು ಎಲ್ಲರ ಮುಂದೆ ಇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ಅಪ್ಪ ತೀರಿದ ಮೇಲೆ ಅಕ್ಕ, ಅಣ್ಣ, ನಾನು ಮೂವರೂ ಕೂತು ಗದ್ದೆ, ಹೊಲ, ಸೊಸೈಟಿ ಸಾಲ ಎಲ್ಲವನ್ನೂ ಸಮನಾಗಿ ಹಂಚಿ ಪಾಲುಪಟ್ಟಿ ನೋಂದಣಿ ಮಾಡಿಸಿದೆವು. ಅಕ್ಕ ತನ್ನ ಗದ್ದೆಯನ್ನು ಅಣ್ಣನಿಗೇ ವಾರಕ್ಕೆ ಕೊಟ್ಟಿದ್ದಾಳೆ. ಅವ್ವನ ಮಂಡಿ ಆಪರೇಷನ್ನಿನ ಬಿಲ್ಲು ಬಂದಾಗ ಮೂರರಲ್ಲಿ ಒಂದು ಭಾಗ ಅವಳೇ ಕಟ್ಟಿದಳು. ಅಣ್ಣ ಒಬ್ಬನೇ ಹೊರುತ್ತಿದ್ದ ಭಾರ ಮೂರು ಹೆಗಲಿಗೆ ಹಂಚಿಹೋಯಿತು. ತವರಿಗೆ ಅವಳು ಮೊದಲಿಗಿಂತ ಹೆಚ್ಚು ಬರುತ್ತಾಳೆ. ಈಗ ಬರುವುದು ತನ್ನ ಊರಿಗೆ.

ಸ್ತ್ರೀವಾದ ಎಂದೊಡನೆ ಹುಬ್ಬು ಗಂಟಿಕ್ಕುವ ಗಂಡಸರಿಗೆ ನಾನು ಹೇಳುವುದು ಇಷ್ಟೆ. ನಿಮ್ಮ ಕಷ್ಟಕ್ಕೆ ಕಾರಣ ಕಬ್ಬಿನ ಬಾಕಿಯಲ್ಲಿದೆ, ಬಡ್ಡಿಯಲ್ಲಿದೆ, ಎಲ್ಲವನ್ನೂ ಗಂಡಸೇ ಹೊರಬೇಕು ಎಂಬ ಕಟ್ಟುಪಾಡಿನಲ್ಲಿದೆ. ಆ ಕಟ್ಟುಪಾಡನ್ನು ಬಿಚ್ಚಲು ಹೊರಟವಳನ್ನೇ ನೀವು ವೈರಿ ಮಾಡಿಕೊಂಡಿದ್ದೀರಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ಹೆಣ್ಣುಮಕ್ಕಳ ಹೆಸರನ್ನು ಸೇರಿಸಿ ಬರೆಯಿರಿ. ಪಾಲಾಗುವ ಮುಂಚೆ ಅವರನ್ನು ಕರೆದು ಕೂರಿಸಿ. ‘ಇದು ನಿಮ್ಮಿಬ್ಬರದು’ ಎಂದು ಮಗನ ಮುಂದೆಯೇ ಮಗಳಿಗೂ ಚಿಕ್ಕಂದಿನಲ್ಲೇ ಹೇಳಿ. ಹಾಗೆ ಕೇಳಿ ಬೆಳೆದ ಹುಡುಗ ನಾಳೆ ಅಕ್ಕನ ಪಾಲಿಗೆ ಅಂಜಿ ನನ್ನಂಥ ವಕೀಲರ ಕಚೇರಿಗೆ ಓಡಿಬರಬೇಕಾಗಿಲ್ಲ.